ಸ್ಕೂಟರ್ ಮಾರಬೇಡಿ, ಮೊದಲು ಆ ಪ್ಲಗ್ ಬದಲಿಸಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಶಿಕ್ಷಕಿ. ಶಾಲೆಗೆ ಹೋಗಿ ಬರಲು ದಿನಕ್ಕೆ 28 ಕಿ.ಮೀ. ಆಗುತ್ತದೆ. 2023ರ ದೀಪಾವಳಿಗೆ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆವು. ನಮ್ಮದು ಹಳೇ ಹೆಂಚಿನ ಮನೆ. ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಸ್ಕೂಟರ್ ನಿಲ್ಲಿಸಿ, ಅಡುಗೆಮನೆಯಿಂದ ಎಕ್ಸ್‌ಟೆನ್ಶನ್ ಎಳೆದು ರಾತ್ರಿಯಿಡೀ ಚಾರ್ಜಿಗೆ ಹಾಕುತ್ತೇವೆ. ಹುಲ್ಲು, ಸೌದೆ, ಅಡಿಕೆ ಚೀಲ ಎಲ್ಲಾ ಅಲ್ಲೇ ಇವೆ. ಮೊದಮೊದಲು ಚಾರ್ಜರಿನಲ್ಲಿ ಕೆಂಪು ದೀಪ ಬಂದು ಚಾರ್ಜೇ ಆಗುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಒಬ್ಬರು ಸಾಕೆಟ್ ಒಳಗೆ ಸಣ್ಣದೊಂದು ವೈರ್ ಹಾಕಿ ಸರಿ ಮಾಡಿಕೊಟ್ಟರು. ಈಗ ಪ್ಲಗ್ಗಿನ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿದೆ. ಸ್ಕೂಟರ್ ಹೊತ್ತಿ ಉರಿಯುವ ವಿಡಿಯೋ ನೋಡಿದಾಗಿನಿಂದ ಅತ್ತೆಗೆ ರಾತ್ರಿ ನಿದ್ದೆ ಇಲ್ಲ. ಮಳೆಗಾಲದಲ್ಲಿ ಚಾರ್ಜ್ ಮಾಡಿದರೆ ಬ್ಯಾಟರಿ ಸಿಡಿಯುತ್ತದೆ ಅಂತಾರೆ ಪಕ್ಕದ ಮನೆಯವರು. ಮೈದುನ ತನ್ನ ಲೈಸೆನ್ಸ್ ಬೇಡದ ಸಣ್ಣ ಸ್ಕೂಟರಿಗೆ ಹೊರಗಡೆ ಕಡಿಮೆ ಬೆಲೆಗೆ ಲಿಥಿಯಂ ಬ್ಯಾಟರಿ ಹಾಕಿಸಿಕೊಂಡಿದ್ದಾನೆ. ಅದನ್ನೂ ಅಲ್ಲೇ ಚಾರ್ಜ್ ಮಾಡುತ್ತಾನೆ. ಸ್ಕೂಟರ್ ಮಾರಿಬಿಡುವುದೇ ವಾಸಿನಾ?

ಉತ್ತರ: ಮಾರಬೇಡಿ. ಆದರೆ ಇವತ್ತು ರಾತ್ರಿ ಆ ಜಾಗದಲ್ಲಿ, ಆ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಬೇಡಿ.

ನಿಮ್ಮ ಅತ್ತೆಯವರ ಭಯವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹಾಗಂತ ಅವರು ಬ್ಯಾಟರಿಗೆ ಹೆದರುತ್ತಿದ್ದಾರೆ, ನನಗೆ ನಿಮ್ಮ ಪತ್ರ ಓದಿ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಮೊದಲನೆಯದು ಆ ‘ಸಣ್ಣ ವೈರ್’. ಎರಡನೆಯದು ಕಂದು ಪಿನ್. ಮೂರನೆಯದು ಹುಲ್ಲು. ಬ್ಯಾಟರಿ ಬರುವುದು ಆಮೇಲೆ.

ಚಾರ್ಜ್ ಮಾಡುವಾಗ ಬೆಂಕಿ ಹುಟ್ಟುವ ಜಾಗ ಎರಡು. ಒಂದು, ಗೋಡೆಯ ಸಾಕೆಟ್‌ನಿಂದ ಚಾರ್ಜರ್‌ವರೆಗಿನ ವೈರು, ಪ್ಲಗ್ಗು, ಜಾಯಿಂಟು. ಇನ್ನೊಂದು, ಬ್ಯಾಟರಿಯ ಒಳಗಡೆ. ವಿಡಿಯೋದಲ್ಲಿ ಕಾಣುವುದು ಎರಡನೆಯದು. ಶಿವಮೊಗ್ಗದ ನಮ್ಮ ಸರ್ವಿಸ್ ಕೇಂದ್ರಕ್ಕೆ ಜನ ಹೊತ್ತು ತರುವುದು ಹೆಚ್ಚಾಗಿ ಮೊದಲನೆಯದರ ಗುರುತು: ಕರಗಿದ ಪ್ಲಗ್, ಸುಟ್ಟ ಎಕ್ಸ್‌ಟೆನ್ಶನ್ ಬೋರ್ಡು, ಕಪ್ಪಾದ ಪಿನ್. ಮೊದಲನೆಯದನ್ನು ತಪ್ಪಿಸುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಎರಡನೆಯದು ಅಪರೂಪ, ಆದರೆ ಶುರುವಾದರೆ ನಿಲ್ಲಿಸಲು ಆಗುವುದಿಲ್ಲ. ಅದಕ್ಕೆ ಬೇರೆ ಲೆಕ್ಕಾಚಾರ ಬೇಕು.

ಕಂದು ಪಿನ್ನಿನ ವಿಷಯ ನೋಡೋಣ. ನಿಮ್ಮಂಥ ಸ್ಕೂಟರಿನ ಮನೆ ಚಾರ್ಜರ್ ಸುಮಾರು 750 ವ್ಯಾಟ್ ಇರುತ್ತದೆ. ಅಂದರೆ 230 ವೋಲ್ಟಿನಲ್ಲಿ ಮೂರೂವರೆಯಿಂದ ನಾಲ್ಕು ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಕೂಡ ಹೆಚ್ಚು ಕಡಿಮೆ ಅಷ್ಟೇ ಎಳೆಯುತ್ತದೆ. ಆದರೆ ಮಿಕ್ಸಿ ಓಡುವುದು ಐದು ನಿಮಿಷ, ಚಾರ್ಜರ್ ಓಡುವುದು ಗಂಟೆಗಟ್ಟಲೆ. ಸಾಕೆಟ್ಟಿನ ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ತಡೆ ಬಂತು ಅಂತಿಟ್ಟುಕೊಳ್ಳಿ. ನಾಲ್ಕು ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ 8 ವ್ಯಾಟ್ ಶಾಖ ಹುಟ್ಟುತ್ತದೆ. ಕೇಳಲು ಏನೂ ಅಲ್ಲ. ಆದರೆ ಉಗುರಿನಷ್ಟು ಜಾಗದಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಒಳಗೆ, ಗಂಟೆಗಟ್ಟಲೆ 8 ವ್ಯಾಟ್ ಅಂದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬಿಸಿಗೆ ಹಿತ್ತಾಳೆ ಇನ್ನೂ ಸಡಿಲವಾಗುತ್ತದೆ. ಸಡಿಲವಾದಷ್ಟೂ ಬಿಸಿ ಜಾಸ್ತಿ.

ಇದರಲ್ಲಿ ಮೋಸ ಎಲ್ಲಿದೆ ಗೊತ್ತಾ? ಫ್ಯೂಸ್ ಹೋಗುವುದಿಲ್ಲ, ಫ್ಯೂಸಿನ ಕೆಲಸವನ್ನೇ ಮಾಡುವ ಎಂಸಿಬಿ ಸ್ವಿಚ್ಚೂ ಬೀಳುವುದಿಲ್ಲ. ಅವು ನೋಡುವುದು ಕರೆಂಟು ಮಿತಿ ಮೀರಿತೋ ಇಲ್ಲವೋ ಅಂತ ಮಾತ್ರ. ಇಲ್ಲಿ ಕರೆಂಟು ಸರಿಯಾಗೇ ಇದೆ, ಕೆಟ್ಟಿರುವುದು ಹಿಡಿತ. ‘ಎಂಸಿಬಿ ಹಾಕಿಸಿದ್ದೇವೆ, ಏನೂ ಆಗಲ್ಲ’ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಮಲೆನಾಡಿನಲ್ಲಿ ಇದಕ್ಕೆ ಇನ್ನೆರಡು ಕಾರಣ ಸೇರಿಕೊಳ್ಳುತ್ತವೆ. ಒಂದು ಥಂಡಿ. ಮಳೆಗಾಲದ ತೇವಕ್ಕೆ ಸಾಕೆಟ್ ಒಳಗಿನ ಲೋಹದ ಮೇಲೆ ಹಸಿರು ಕಿಲುಬು ಕೂರುತ್ತದೆ. ಇರುವೆಗಳಂತೂ ಸಾಕೆಟ್ಟಿನೊಳಗೇ ಸಂಸಾರ ಹೂಡುತ್ತವೆ. ಇನ್ನೊಂದು, ಲೈನಿನ ತುದಿಯಲ್ಲಿರುವ ಮನೆಗಳ ಕಡಿಮೆ ವೋಲ್ಟೇಜ್. ಚಾರ್ಜರಿಗೆ ಬೇಕಾದ ವ್ಯಾಟ್ ಅಷ್ಟೇ ಇರುತ್ತದೆ. ವೋಲ್ಟೇಜ್ ಇಳಿದರೆ ಅದು ಕರೆಂಟು ಹೆಚ್ಚು ಎಳೆಯುತ್ತದೆ. 160 ವೋಲ್ಟಿಗೆ ಇಳಿದಾಗಲೂ ಚಾರ್ಜರ್ ನಿಲ್ಲದೆ ಪೂರ್ತಿ ಶಕ್ತಿಯಲ್ಲಿ ಓಡಿದರೆ, ನಾಲ್ಕರ ಜಾಗದಲ್ಲಿ ಐದು ಆಂಪಿಯರ್ ದಾಟುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಸಂಜೆ ಹೊತ್ತು ದೀಪ ಮಂಕಾಗುವ ಮನೆಯಾದರೆ ಮೆಸ್ಕಾಂನ 1912ಕ್ಕೆ ದೂರು ಕೊಡಿ. ಆ ಹೊತ್ತು ಬಿಟ್ಟು ಚಾರ್ಜ್ ಮಾಡಿ.

ಕಂದು ಪಿನ್ನನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಬಳಸಬೇಡಿ. ಸಾಕೆಟ್ ಬದಲಿಸಲೇಬೇಕು. ಚಾರ್ಜರಿನ ಪ್ಲಗ್ ಅಥವಾ ಅದರ ಕೇಬಲ್ಲನ್ನು ಕಂಪನಿಯ ಸರ್ವಿಸ್‌ನಲ್ಲಿ ತೋರಿಸಿ.

ಈಗ ಆ ಸಣ್ಣ ವೈರ್. ಚಾರ್ಜರಿನಲ್ಲಿ ಕೆಂಪು ದೀಪ ಬಂದದ್ದು ಅದು ಕೆಟ್ಟಿದೆ ಅಂತ ಅಲ್ಲ. ‘ಈ ಸಾಕೆಟ್ಟಿಗೆ ಅರ್ತಿಂಗ್ ಇಲ್ಲ, ನಾನು ಚಾರ್ಜ್ ಮಾಡಲ್ಲ’ ಅಂತ ಅದು ಹೇಳುತ್ತಿತ್ತು. ಆಗ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಸಾಕೆಟ್ಟಿನ ಒಳಗೇ ನ್ಯೂಟ್ರಲ್‌ಗೂ ಅರ್ತ್ ಪಿನ್ನಿಗೂ ಒಂದು ತುಂಡು ವೈರ್ ಜೋಡಿಸಿಬಿಡುತ್ತಾರೆ. ಚಾರ್ಜರ್ ಮೋಸ ಹೋಗುತ್ತದೆ, ದೀಪ ಹಸಿರಾಗುತ್ತದೆ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮಲ್ಲೂ ಆಗಿರುವುದು ಇದೇ.

ಇದು ಬೆಂಕಿಗಿಂತ ಮೊದಲು ಜೀವ ತೆಗೆಯುವ ಕೆಲಸ. ಆರಿದ್ರಾ ಮಳೆಯ ಗಾಳಿಗೆ ಮರದ ಕೊಂಬೆ ಬಿದ್ದು ನಿಮ್ಮ ಮನೆಗೆ ಬರುವ ನ್ಯೂಟ್ರಲ್ ತಂತಿ ತುಂಡಾಯಿತು ಅಂತಿಟ್ಟುಕೊಳ್ಳಿ. ನಮ್ಮ ಕಡೆ ಇದು ಪ್ರತಿ ಮಳೆಗಾಲದ ಕಥೆ, ಅಲ್ವಾ? ಆಗ ಮನೆಯಲ್ಲಿ ಆನ್ ಆಗಿರುವ ಬಲ್ಬು, ಫ್ರಿಜ್ಜಿನ ಮೂಲಕ ಫೇಸ್ ಕರೆಂಟು ನ್ಯೂಟ್ರಲ್ ತಂತಿಗೆ ಬರುತ್ತದೆ. ಅಲ್ಲಿಂದ ಆ ತುಂಡು ವೈರಿನ ಮೂಲಕ ಚಾರ್ಜರಿನ ಲೋಹದ ಮೈಗೆ ಬರುತ್ತದೆ, ಕೆಲವು ಗಾಡಿಗಳಲ್ಲಿ ಸ್ಕೂಟರಿನ ಮೈಗೂ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದವರ ಗತಿ ಹೇಳಬೇಕಾಗಿಲ್ಲ. ಪಕ್ಕದಲ್ಲೇ ಕೊಟ್ಟಿಗೆ, ದನಗಳು ಬೇರೆ. ಆ ತುಂಡನ್ನು ನಾಳೆಯೇ ತೆಗೆಸಿ. ತೆಗೆದ ಮೇಲೆ ಚಾರ್ಜರ್ ಮತ್ತೆ ಕೆಂಪು ತೋರಿಸಿದರೆ ಒಳ್ಳೆಯದೇ, ಅದು ನಿಜ ಹೇಳುತ್ತಿದೆ.

ನಿಜವಾದ ಅರ್ತಿಂಗ್ ಅಂದರೆ ನೆಲದಲ್ಲಿ ಗುಂಡಿ, ಅದರಲ್ಲಿ ಜಿಐ ಪೈಪ್ ಅಥವಾ ತಾಮ್ರದ ಲೇಪದ ರಾಡ್, ಅಲ್ಲಿಂದ ಸಾಕೆಟ್‌ವರೆಗೆ ಬೇರೆಯೇ ಹಸಿರು ವೈರ್. ಹಳೇ ಮನೆಗಳಲ್ಲಿ ನಲ್ಲಿ ಪೈಪಿಗೆ ಸುತ್ತಿದ ತಂತಿಯನ್ನೇ ಅರ್ತ್ ಅಂತ ನಂಬಿರುತ್ತಾರೆ. ಆ ಪೈಪು ಎಂದೋ ಪ್ಲಾಸ್ಟಿಕ್ ಆಗಿರುತ್ತದೆ! ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಅರ್ತಿಂಗಿಗೆ ಚೆನ್ನಾಗಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿದಾಗ ಕೈಕೊಡುತ್ತದೆ. ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೋಡಿಸಿ, ಬೇಸಿಗೆಯಲ್ಲಿ ಆಗಾಗ ಎರಡು ಕೊಡ ನೀರು ಹಾಕಿ.

ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ಮೇನ್ ಬೋರ್ಡಿನಿಂದ ಸ್ಕೂಟರಿಗೆ ಅಂತಲೇ ಪ್ರತ್ಯೇಕ ಲೈನ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, ಅದಕ್ಕೊಂದು ಎಂಸಿಬಿ, ಜೊತೆಗೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಕೊನೆಯದನ್ನು ‘ಯಾಕೆ ದುಡ್ಡು ದಂಡ’ ಅಂತ ಬಿಡಿಸಲು ನೋಡಬಹುದು. ಬಿಡಬೇಡಿ. ಶಾಕ್ ಹೊಡೆಯುವಾಗ ಜೀವ ಉಳಿಸುವುದು ಅದೇ, ಎಂಸಿಬಿ ಅಲ್ಲ. ಸಾಕೆಟ್ ನಿಮ್ಮ ಚಾರ್ಜರಿನ ಪ್ಲಗ್ಗಿಗೆ ನೇರ ಹೊಂದಬೇಕು. ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹಾಕಲು ಕೊಳ್ಳುವ ಕನ್ವರ್ಟರ್ ಇದೆಯಲ್ಲ, ಕರಗಿ ಬರುವ ವಸ್ತುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಎಕ್ಸ್‌ಟೆನ್ಶನ್ ಇನ್ನು ಬೇಡವೇ ಬೇಡ. ಅಡುಗೆಮನೆಯಿಂದ ಕೊಟ್ಟಿಗೆವರೆಗೆ ನೆಲದ ಮೇಲೆ ಬಿದ್ದಿರುವ ವೈರನ್ನು ಇಲಿ ಕಡಿಯುತ್ತದೆ, ಬಾಗಿಲು ಜಜ್ಜುತ್ತದೆ, ದನ ತುಳಿಯುತ್ತದೆ. ಸುರುಳಿ ಸುತ್ತಿದ ವೈರಂತೂ ತನ್ನ ಬಿಸಿಯನ್ನು ಹೊರಗೆ ಬಿಡಲಾಗದೆ ಬೇಯುತ್ತದೆ.

ಇನ್ನು ಬ್ಯಾಟರಿ. ಲಿಥಿಯಂ ಅಯಾನ್ ಸೆಲ್ ಒಳಗೆ ಎರಡು ಪದರಗಳನ್ನು ಬೇರೆಬೇರೆ ಇಡುವ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸೆಲ್ ತಯಾರಿಕೆಯ ದೋಷ, ಗಾಡಿ ಬಿದ್ದ ಪೆಟ್ಟು, ನೀರು, ಮಿತಿಮೀರಿದ ಚಾರ್ಜ್, ಇವುಗಳಲ್ಲಿ ಯಾವುದಾದರೂ ಒಂದು ಒಳಗೆ ಶಾರ್ಟ್ ಮಾಡಿದರೆ ಸೆಲ್ ಬಿಸಿಯಾಗುತ್ತದೆ. ಸುಮಾರು 130 ಡಿಗ್ರಿ ಹೊತ್ತಿಗೆ ಆ ಹಾಳೆ ಕರಗುತ್ತದೆ. ಮುಂದೆ ಒಳಗಿನ ರಾಸಾಯನಿಕಗಳೇ ಶಾಖ ಹುಟ್ಟಿಸುತ್ತವೆ. ಎನ್‌ಎಂಸಿ ಅನ್ನುವ ಬಗೆಯ ಸೆಲ್ 200 ಡಿಗ್ರಿ ಆಸುಪಾಸಿನಲ್ಲಿ ತಾನೇ ಆಮ್ಲಜನಕವನ್ನೂ ಬಿಡುತ್ತದೆ. ಹಾಗಾಗಿ ಗಾಳಿ ತಡೆದು ಅದನ್ನು ಆರಿಸಲಾಗುವುದಿಲ್ಲ. ಒಂದು ಸೆಲ್ ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಎಲ್‌ಎಫ್‌ಪಿ ಬಗೆಯವು ಇಷ್ಟು ಸುಲಭಕ್ಕೆ ಈ ಹಂತಕ್ಕೆ ಹೋಗುವುದಿಲ್ಲ. ಆದರೆ ‘ಎಲ್‌ಎಫ್‌ಪಿಗೆ ಬೆಂಕಿಯೇ ಹತ್ತಲ್ಲ’ ಅನ್ನುವುದು ಮಾರಾಟದ ಮಾತು.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿಕೊಂಡ ಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಅನ್ನುವ ಬ್ಯಾಟರಿ ಸುರಕ್ಷತಾ ನಿಯಮವನ್ನು ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಒಂದು ಸೆಲ್ ಕೆಟ್ಟರೆ ಇಡೀ ಪ್ಯಾಕಿಗೆ ಬೆಂಕಿ ಹಬ್ಬಬಾರದು ಅನ್ನುವ ಪರೀಕ್ಷೆಯೂ ಅದರಲ್ಲಿದೆ. ನಿಮ್ಮ ಸ್ಕೂಟರ್ ಅದೇ ವರ್ಷ ದೀಪಾವಳಿಯ ಹೊತ್ತಿನದು. ತಯಾರಾದ ತಿಂಗಳು ಮಾತ್ರ ಒಮ್ಮೆ ನೋಡಿಕೊಳ್ಳಿ, ಅಂಗಡಿಯಲ್ಲಿ ಹಳೇ ಸ್ಟಾಕ್ ಇದ್ದಿರಬಹುದು.

ರಾತ್ರಿಯಿಡೀ ಚಾರ್ಜ್ ಮಾಡಿದರೆ ಬ್ಯಾಟರಿ ತುಂಬಿ ಸಿಡಿಯುತ್ತದೆ ಅನ್ನುವುದು ಸರಿಯಲ್ಲ. ತುಂಬಿದ ಮೇಲೆ ನಿಲ್ಲಿಸಲು ಬ್ಯಾಟರಿಯ ಒಳಗೆ ಬಿಎಂಎಸ್ ಅನ್ನುವ ಕಾವಲು ಸರ್ಕ್ಯೂಟ್ ಇದೆ. ಆದರೂ ರಾತ್ರಿ ಚಾರ್ಜ್ ನನಗೆ ಇಷ್ಟವಿಲ್ಲ. ಏನಾದರೂ ಆದರೆ ನೀವು ಮಲಗಿರುತ್ತೀರಿ, ಅಷ್ಟೇ ಕಾರಣ. ಅದೂ ಅಲ್ಲದೆ ನಿಮಗೆ ಅದರ ಅಗತ್ಯವೇ ಇಲ್ಲ. ಏರು ರಸ್ತೆ ಲೆಕ್ಕ ಹಾಕಿದರೂ 28 ಕಿ.ಮೀ.ಗೆ ಹೆಚ್ಚೆಂದರೆ ಒಂದು ಯೂನಿಟ್ ಖರ್ಚಾಗುತ್ತದೆ. ಚಾರ್ಜಿನಲ್ಲಿ ಪೋಲಾಗುವುದು ಸೇರಿದರೆ ಒಂದೂಕಾಲು ಅನ್ನಿ. 750 ವ್ಯಾಟಿನ ಚಾರ್ಜರ್ ಅದನ್ನು ಎರಡು ಗಂಟೆಯೊಳಗೆ ತುಂಬುತ್ತದೆ. ಶಾಲೆಯಿಂದ ಬಂದು, ಬ್ಯಾಟರಿ ತಣಿಯಲು ಅರ್ಧ ಗಂಟೆ ಬಿಟ್ಟು, ಎಲ್ಲರೂ ಎದ್ದಿರುವಾಗಲೇ ಮುಗಿಸಬಹುದು. ಸಂಜೆ ಕರೆಂಟು ಕೈಕೊಟ್ಟ ದಿನ ಬೆಳಿಗ್ಗೆ ಹಾಕಿ. ದಿನಾ 80 ಪರ್ಸೆಂಟಿಗೆ ನಿಲ್ಲಿಸಿದರೂ ನಿಮ್ಮ ಓಡಾಟಕ್ಕೆ ಸಾಕು, ಬ್ಯಾಟರಿಯ ಆಯಸ್ಸೂ ಹೆಚ್ಚು. ಪೂರ್ತಿ ತುಂಬಿದ ಬ್ಯಾಟರಿಗೆ ಬೆಂಕಿ ಬಿದ್ದರೆ ಅದರ ಆರ್ಭಟವೂ ಜಾಸ್ತಿ. ಇದೇ ಮಾತಿನಲ್ಲಿ ಇನ್ನೊಂದು: ಆಗುಂಬೆ ಕಡೆಯಿಂದ ಘಾಟಿ ಇಳಿಯುವವರು ನೂರು ಪರ್ಸೆಂಟ್ ಮಾಡಿಕೊಂಡು ಹೊರಡುವುದರಲ್ಲಿ ಅರ್ಥವಿಲ್ಲ. ಇಳಿಜಾರಿನಲ್ಲಿ ಮೋಟಾರು ಹುಟ್ಟಿಸುವ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಮೋಟಾರಿನ ಹಿಡಿತ ಸಿಗದೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಎಲ್ಲಿ ನಿಲ್ಲಿಸುವುದು? ಬ್ಯಾಟರಿ ಹೊತ್ತಿಕೊಂಡರೆ ಆರಿಸಲಾಗದು ಅಂತ ಒಪ್ಪಿಕೊಂಡೇ ಜಾಗ ಹುಡುಕಬೇಕು. ಅದು ಪೂರ್ತಿ ಉರಿದು ಹೋದರೂ ಬೇರೆ ಏನೂ ಸುಡಬಾರದು, ಯಾರ ದಾರಿಯೂ ಮುಚ್ಚಬಾರದು. ಕೊಟ್ಟಿಗೆ ಪಕ್ಕ ಈ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕಟ್ಟಿಹಾಕಿದ ದನ ಓಡಲಾರದು. ಜಗಲಿ ಗಾಳಿಯಾಡುವ ಜಾಗ ನಿಜ, ಆದರೆ ಎಲ್ಲರೂ ಹೊರಗೆ ಬರುವ ಬಾಗಿಲು ಅಲ್ಲೇ ಇದೆ. ಮೇಲೆ ಮರದ ಅಟ್ಟ, ಅದರಲ್ಲಿ ಅಡಿಕೆ ಇದ್ದರಂತೂ ಕೇಳಲೇಬೇಡಿ. ಅಂಗಳದ ಅಂಚಿನಲ್ಲಿ, ಮನೆಯಿಂದ ನಾಲ್ಕೈದು ಮೀಟರ್ ಆಚೆ, ಕಲ್ಲಿನ ಅಥವಾ ಇಟ್ಟಿಗೆಯ ಒಂದು ಗೋಡೆಗೆ ತಾಗಿಸಿ ಶೀಟಿನ ಮಾಡು ಇಳಿಸಿ. ಸೋಗೆ ಹೊದಿಸಬೇಡಿ. ಮಳೆ ಎರಚಲು ಬರುವ ದಿಕ್ಕಿಗೆ ಗೋಡೆ ಇರಲಿ, ಉಳಿದ ಕಡೆ ತೆರೆದಿರಲಿ. ಸಾಕೆಟ್ ಸೊಂಟದ ಎತ್ತರದಲ್ಲಿ, ಮುಚ್ಚಳ ಇರುವ ಮಳೆ ತಡೆಯುವ ಪೆಟ್ಟಿಗೆಯಲ್ಲಿ. ಆ ಲೈನನ್ನು ಆಫ್ ಮಾಡುವ ಸ್ವಿಚ್ ಮಾತ್ರ ಮನೆಯೊಳಗೆ. ಇದಕ್ಕೆ ಖರ್ಚಾಗುತ್ತದೆ, ಗೊತ್ತು. ಅಲ್ಲಿಯವರೆಗೆ ಕನಿಷ್ಠ ಹುಲ್ಲು, ಸೌದೆ, ಚೀಲಗಳನ್ನು ಅಲ್ಲಿಂದ ದೂರ ಸಾಗಿಸಿ, ಹಗಲು ಹೊತ್ತಿನಲ್ಲಿ ಕಣ್ಣೆದುರು ಚಾರ್ಜ್ ಮಾಡಿ. ಅದೂ ಸಾಕೆಟ್, ಅರ್ತಿಂಗ್ ಸರಿಯಾದ ಮೇಲೆ. ಶಾಲೆಯಲ್ಲಿ ಚಾರ್ಜ್ ಮಾಡಬಹುದಾ ಅನ್ನುವ ಯೋಚನೆ ಬರಬಹುದು. ಅಲ್ಲಿಯ ವೈರಿಂಗ್ ನಿಮ್ಮ ಮನೆಯದ್ದಕ್ಕಿಂತ ವಾಸಿ ಅಂತ ಖಾತ್ರಿ ಇಲ್ಲದೆ ಬೇಡ. ಮಕ್ಕಳಿರುವ ಜಾಗ.

ಮಳೆಯ ಮಾತಿಗೆ ಬರೋಣ. ಪಕ್ಕದ ಮನೆಯವರು ಹೇಳಿದ್ದು ಅರ್ಧ ಸತ್ಯ. ಬ್ಯಾಟರಿ ಪೆಟ್ಟಿಗೆ ಸಾಮಾನ್ಯವಾಗಿ ಐಪಿ 67 ದರ್ಜೆಯದು. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಮಳೆಯಲ್ಲಿ ನೆನೆದು ಬಂದ ಮಾತ್ರಕ್ಕೆ ಅದಕ್ಕೇನೂ ಆಗುವುದಿಲ್ಲ. ಆದರೆ ಚಾರ್ಜರಿಗೆ, ಪ್ಲಗ್ಗಿಗೆ, ಎಕ್ಸ್‌ಟೆನ್ಶನ್ನಿಗೆ ಆ ದರ್ಜೆ ಇದೆ ಅಂತ ನಂಬಬೇಡಿ. ಚಾರ್ಜಿಂಗ್ ಪೋರ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಪಿನ್ನುಗಳು ಹಸಿರಾಗಿವೆಯಾ ನೋಡಿ, ಆಮೇಲೆ ಹಾಕಿ. ಚಾರ್ಜ್ ಆಗುವಾಗ ಗಾಡಿಗೆ ಟಾರ್ಪಾಲು ಹೊದಿಸುವುದು, ಚಾರ್ಜರನ್ನು ಗೋಣಿ ಮೇಲೆ ಇಡುವುದು, ಸೀಟಿನ ಕೆಳಗೆ ಹಾಕಿ ಮುಚ್ಚುವುದು, ಇವೆಲ್ಲ ನಮ್ಮಲ್ಲಿ ಮಳೆಗಾಲದ ಅಭ್ಯಾಸಗಳು. ಚಾರ್ಜರಿಗೆ ಉಸಿರುಕಟ್ಟುತ್ತದೆ. ಗಟ್ಟಿ ನೆಲದ ಮೇಲೆ ಬಿಡುವಾಗಿ ಇಡಿ.

ತುಂಗೆ ಉಕ್ಕಿಯೋ ಹಳ್ಳ ತುಂಬಿಯೋ ಗಾಡಿಯ ಕಾಲಿಡುವ ಹಲಗೆ ದಾಟಿ ನೀರು ಬಂದಿದ್ದರೆ ಮಾತ್ರ ಚಾರ್ಜಿಗೆ ಹಾಕಬೇಡಿ, ಆನ್ ಕೂಡ ಮಾಡಬೇಡಿ. ಬಯಲಿಗೆ ತಳ್ಳಿ ನಿಲ್ಲಿಸಿ ಸರ್ವಿಸ್‌ನವರಿಗೆ ತಿಳಿಸಿ. ಒಳಗೆ ನೀರು ಹೋಗಿದ್ದರೆ ತೊಂದರೆ ಆವತ್ತೇ ಕಾಣುವುದಿಲ್ಲ, ದಿನಗಳ ನಂತರವೂ ಬರಬಹುದು.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲಿನ ವೋಲ್ಟೇಜಿಗೆ ಸ್ವಿಚ್ಚಿನ ಸಣ್ಣ ಸಂದು ಲೆಕ್ಕಕ್ಕೇ ಇಲ್ಲ. ಕರೆಂಟು ಹೋದಾಗ ಮನೆಯ ಇನ್ವರ್ಟರಿನಿಂದ ಚಾರ್ಜ್ ಮಾಡುವುದೂ ಬೇಡ. ದೀಪ, ಫ್ಯಾನಿಗೆಂದು ಹಾಕಿಸಿದ ಸಣ್ಣ ಇನ್ವರ್ಟರಿಗೆ ಅದು ಮೀರಿದ ಹೊರೆ.

ನಿಮ್ಮ ಮನೆಯಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವ ಬ್ಯಾಟರಿ ಒಂದಿದೆ. ಅದು ನಿಮ್ಮ ಮೈದುನನದು. ಗಂಟೆಗೆ 25 ಕಿ.ಮೀ. ದಾಟದ, 250 ವ್ಯಾಟ್ ಮೀರದ ಗಾಡಿಗಳಿಗೆ ನೋಂದಣಿ ಬೇಡ. ಹಾಗಾಗಿ ನಿಮ್ಮ ಸ್ಕೂಟರ್ ಪಾಸಾಗಬೇಕಾದ ಕಡ್ಡಾಯ ಪರೀಕ್ಷೆಗಳು ಅವಕ್ಕೆ ಅನ್ವಯಿಸುವುದಿಲ್ಲ. ಅದರ ಮೇಲೆ ಹೊರಗೆ ಜೋಡಿಸಿದ ಪ್ಯಾಕ್. ಒಳಗೆ ಹಳೇ ಪ್ಯಾಕಿನಿಂದ ಬಿಚ್ಚಿದ ಸೆಲ್‌ಗಳಿವೆಯೋ ಏನೋ, ಯಾರು ಹೇಳುತ್ತಾರೆ? ಇದಕ್ಕಿಂತ ದೊಡ್ಡ ಅಪಾಯ ಚಾರ್ಜರಿನದು. ‘60 ವೋಲ್ಟ್’ ಅಂತ ಬರೆದ ಎರಡು ಬ್ಯಾಟರಿ ಒಂದೇ ಅಲ್ಲ. ಎನ್‌ಎಂಸಿ ಸೆಲ್ 16 ಒಂದರ ಹಿಂದೊಂದು ಜೋಡಿಸಿದ್ದರೆ ಪೂರ್ತಿ ತುಂಬುವುದು 67.2 ವೋಲ್ಟಿಗೆ. ಎಲ್‌ಎಫ್‌ಪಿ 20 ಹಾಗೆ ಜೋಡಿಸಿದ್ದರೆ 73 ವೋಲ್ಟಿಗೆ. 60 ವೋಲ್ಟಿನ ಹಳೇ ಲೆಡ್ ಆಸಿಡ್ ಚಾರ್ಜರ್ ಕೂಡ 73ರ ಹತ್ತಿರಕ್ಕೆ ಹೋಗುತ್ತದೆ. ಮೂರಕ್ಕೂ ಒಂದೇ ಥರದ ಪ್ಲಗ್ ಇರಬಹುದು. ಮೊದಲನೆಯದಕ್ಕೆ ಉಳಿದೆರಡರ ಚಾರ್ಜರ್ ಸಿಕ್ಕಿಸಿದರೆ ತಡೆಯಲು ಉಳಿಯುವುದು ಅಗ್ಗದ ಬಿಎಂಎಸ್ ಒಂದೇ. ಬ್ಯಾಟರಿ ಮೇಲಿನ ಪೂರ್ಣ ಚಾರ್ಜ್ ವೋಲ್ಟೇಜೂ ಚಾರ್ಜರಿನ ಔಟ್‌ಪುಟ್ ವೋಲ್ಟೇಜೂ ಒಂದೇ ಇದೆಯಾ ಅಂತ ಇವತ್ತೇ ನೋಡಲು ಹೇಳಿ. ಬ್ಯಾಟರಿ ಮೇಲೆ ಏನೂ ಬರೆದೇ ಇಲ್ಲ ಅಂದರೆ ಅದನ್ನು ನಾನಾದರೆ ಬಳಸುವುದಿಲ್ಲ. ಬಿಚ್ಚಿ ಒಳಗೆ ತಂದು ಮಂಚದ ಕೆಳಗೆ ಇಟ್ಟು ಚಾರ್ಜ್ ಮಾಡುವ ಅಭ್ಯಾಸವಿದ್ದರೆ ಅದಂತೂ ಇವತ್ತಿಗೇ ನಿಲ್ಲಲಿ.

ಯಾವ ಬ್ಯಾಟರಿಯೇ ಆಗಲಿ, ಪೆಟ್ಟಿಗೆ ಉಬ್ಬಿದರೆ, ಸುಮ್ಮನೆ ನಿಂತಾಗಲೂ ಬೆಚ್ಚಗಿದ್ದರೆ, ನೇಲ್ ಪಾಲಿಶ್ ತೆಗೆಯುವ ದ್ರಾವಣದಂಥ ವಾಸನೆ ಬಂದರೆ, ಮೈಲೇಜ್ ದಿಢೀರ್ ಕುಸಿದರೆ ಚಾರ್ಜ್ ನಿಲ್ಲಿಸಿ, ತೋರಿಸಿ. ಹಿಸ್ ಅಂತ ಸದ್ದು ಬಂದು ಹೊಗೆ ಕಂಡರೆ ತೋರಿಸುವ ಹೊತ್ತು ಮುಗಿಯಿತು. ಗಾಡಿ ತಳ್ಳಲು ಹೋಗಬೇಡಿ, ಎಲ್ಲರೂ ಹೊರಗೆ ಬನ್ನಿ, ದನ ಬಿಚ್ಚಲು ಸಮಯ ಇದ್ದರೆ ಮಾತ್ರ ಬಿಚ್ಚಿ. ಮೇನ್ ಸ್ವಿಚ್ ಬೆಂಕಿಯಿಂದ ದೂರವಿದ್ದರೆ ಆಫ್ ಮಾಡಿ, 101 ಅಥವಾ 112ಕ್ಕೆ ಫೋನ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಇರುತ್ತದೆ, ಗಾಳಿ ಬೀಸುವ ದಿಕ್ಕಿನಿಂದ ಪಕ್ಕಕ್ಕೆ ಸರಿಯಿರಿ. ಲಿಥಿಯಂ ಬೆಂಕಿಗೆ ನೀರು ಹಾಕಬಾರದು ಅನ್ನುವ ಮಾತು ಈ ಬ್ಯಾಟರಿಗಳಿಗೆ ಸರಿಹೊಂದುವುದಿಲ್ಲ. ಕರೆಂಟು ಪೂರ್ತಿ ಕಡಿದ ಮೇಲೆ ದೂರದಿಂದ ಪೈಪಿನಲ್ಲಿ ಹರಿಸುವ ಧಾರಾಳ ನೀರೇ ಅದನ್ನು ತಣಿಸುವುದು. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಜ್ವಾಲೆಯನ್ನು ಆರಿಸೀತು, ಒಳಗಿನ ಬಿಸಿಯನ್ನಲ್ಲ. ಅಡಿಕೆ ಬೇಯಿಸಿದ ಒಲೆಯ ಕೆಂಡದ ಹಾಗೆ ಒಳಗೇ ಕಾವು ಉಳಿದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ಪ್ಲಗ್ ಅಥವಾ ವೈರಿಗೆ ಬೆಂಕಿ ಹತ್ತಿದರೆ ಮಾತ್ರ ಲೆಕ್ಕ ಉಲ್ಟಾ: ಮೇನ್ ಆಫ್, ಪುಡಿ ಸಿಲಿಂಡರ್, ನೀರು ಬೇಡ.

ಮೈದುನ ಆ ಪ್ಯಾಕ್ ಬದಲಿಸುವ ಮನಸ್ಸು ಮಾಡಿದರೆ ಹಳೆಯದನ್ನು ಗುಜರಿಗೆ ಹಾಕಬೇಡಿ, ತೋಟದ ಮೂಲೆಯಲ್ಲೂ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಮೊದಲೇ ‘ಹಳೆಯದನ್ನು ತಗೊಳ್ತೀರಾ, ಬಿಲ್ ಕೊಡ್ತೀರಾ, ಚಾರ್ಜರ್ ಜೊತೆಗೇ ಬರುತ್ತಾ’ ಅಂತ ಕೇಳಲು ಹೇಳಿ. ಮೂರಕ್ಕೂ ಹೌದು ಅನ್ನದ ಅಂಗಡಿಯಲ್ಲಿ ಬ್ಯಾಟರಿ ಕೊಳ್ಳುವುದು ಬೇಡ.